ಎರೆಸೀಮೆಯಲ್ಲಿ ಜೀಪುಗಾಡಿಯನ್ನು ಎತ್ತರಿಸುವ ವಿಚಾರ
(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಗಳ ಗೌಡರಿಗೂ ಭೂಮಾಲೀಕರಿಗೂ)

ವಿಜಯಪುರ ಜಿಲ್ಲೆಯ ಎರೆಭೂಮಿಯು ಒಕ್ಕಲಿಗನಿಗೆ ತಾಯಿಯಾಗಿದ್ದರೂ ಗಾಡಿಗೆ ಮಾತ್ರ ಮಲತಾಯಿಯಾಗಿರುವದು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುವ ಈ ಮಣ್ಣು, ನೀರು ಕುಡಿದ ಕೂಡಲೆ ಉಬ್ಬಿ, ಜಿಗುಟಾಗಿ, ಗಾಲಿಗೆ ಅಂಟಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಸಪ್ಟಂಬರ ತಿಂಗಳಲ್ಲಿಯೇ ಹೆಚ್ಚಿನ ಮಳೆಯಾಗುವದರಿಂದ, ಬಿಳಿಜೋಳ, ಕಡಲೆ, ಕುಸುಬೆಗಳ ಹಿಂಗಾರಿ ಬಿತ್ತಿಗೆಯ ಸಿದ್ಧತೆಗಾಗಿ ಹೊಲಕ್ಕೆ ಹೋಗಬೇಕಾದ ದಿನಗಳೂ ಹೊಲದ ದಾರಿ ಕೆಟ್ಟಿರುವ ದಿನಗಳೂ ಒಂದೇ ಆಗಿರುತ್ತವೆ. ಡೋಣಿಯ ಸಾಲಿನಲ್ಲಿಯೂ, ಭೀಮೆಯ ದಂಡೆಯ ಇಂಡಿ ಸಿಂದಗಿಗಳ ಊರುಗಳಲ್ಲಿಯೂ ಈ ಕಷ್ಟವನ್ನು ಅರಿಯದವರಿಲ್ಲ. ಬೀಜ ಗೊಬ್ಬರಗಳ ಮಾತು ಹಾಗಿರಲಿ. ನಡುರಾತ್ರಿಯಲ್ಲಿ ತೋಟದ ಮನೆಯಿಂದ ಹೆರಿಗೆಯ ಹೆಂಗಸನ್ನೋ ಹಾವು ಕಚ್ಚಿದವನನ್ನೋ ದವಾಖಾನೆಗೆ ಒಯ್ಯಬೇಕಾದಾಗ ಊರವರು ಬಂದು ಬಾಗಿಲು ತಟ್ಟುವದು ಜೀಪುಗಾಡಿಯುಳ್ಳ ಗೌಡರ ಮನೆಯದನ್ನೇ. ಆದುದರಿಂದ ಆ ಗಾಡಿಯು ಹೇಗಿರಬೇಕೆಂಬದು ಒಬ್ಬರ ಮನೆಯ ಮಾತಲ್ಲ, ಊರಿನ ಮಾತು.

ನಾಲ್ಕೂ ಗಾಲಿಗಳಿಗೆ ಯಂತ್ರದ ಬಲವನ್ನು ಕೊಡುವ ಸಣ್ಣ ಗಾಡಿಗಳು ನಮ್ಮ ದೇಶಕ್ಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜೀಪಿನ ರೂಪದಿಂದ ಬಂದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿಯವರು ಅವುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದರು. 1985ರಲ್ಲಿ ಮಾರುತಿ ಜಿಪ್ಸಿಯೂ, 2023ರಲ್ಲಿ ಅದೇ ಕಂಪನಿಯ ಜಿಮ್ನಿಯೂ ಮಾರುಕಟ್ಟೆಗೆ ಬಂದವು. ಇಂಥ ಗಾಡಿಗಳ ಸ್ಪ್ರಿಂಗುಗಳನ್ನು ಬದಲಿಸಿ ಮೈಯನ್ನು ನೆಲದಿಂದ ಇನ್ನಷ್ಟು ಮೇಲೆತ್ತುವ ಕೆಲಸಕ್ಕೆ ಗ್ಯಾರೇಜಿನವರು ‘ಲಿಫ್ಟ್’ ಹಾಕುವದೆನ್ನುತ್ತಾರೆ. ಇದರಿಂದ ಆಗುವ ಉಪಯೋಗವೆಷ್ಟು, ಕೇಡೆಷ್ಟು, ಮಾಡುವದಾದರೆ ಹೇಗೆ ಮಾಡತಕ್ಕದ್ದು ಎಂಬದನ್ನು ಕ್ರಮವಾಗಿ ವಿಚಾರಿಸೋಣ.

1. ಯಾವ ಎತ್ತರವು ಹೆಚ್ಚುವದು?

ಮೊದಲು ನಮ್ಮ ಚಕ್ಕಡಿಯನ್ನು ನೋಡಿರಿ. ಹಳೆಯ ಚಕ್ಕಡಿಯು ಮೊಣಕಾಲುದ್ದ ಕೆಸರಿನಲ್ಲಿಯೂ ಸಾಗುತ್ತಿದ್ದುದಕ್ಕೆ ಕಾರಣವೇನು? ಅದರ ಗಾಲಿಯು ದೊಡ್ಡದು. ಗಾಲಿಯ ನಡುವಿನಲ್ಲಿರುವ ಅಚ್ಚು ನೆಲದಿಂದ ಬಹಳ ಮೇಲಿರುವದು. ಅಚ್ಚಿನ ಮೇಲೆ ಎರಡು ಹಲಗೆಗಳನ್ನು ಹೆಚ್ಚಾಗಿ ಇಟ್ಟು ತೊಟ್ಟಿಯನ್ನು ಎತ್ತರಿಸಿದರೆ ಕುಳಿತವನು ಮೇಲೆ ಹೋಗುವನೇ ಹೊರತು ಅಚ್ಚು ಇದ್ದಲ್ಲಿಯೇ ಇರುವದು. ಅಚ್ಚು ಮೇಲೇರಬೇಕಾದರೆ ಗಾಲಿಯೇ ದೊಡ್ಡದಾಗಬೇಕು.

ಜೀಪಿನ ಸಂಗತಿಯೂ ಹೀಗೆಯೇ. ಜಿಪ್ಸಿ, ಜಿಮ್ನಿ ಮತ್ತು ಹಳೆಯ ಮಹೀಂದ್ರ ಜೀಪುಗಳಲ್ಲಿ ಎಡ ಬಲ ಗಾಲಿಗಳನ್ನು ಕೂಡಿಸುವ ಗಟ್ಟಿ ಅಚ್ಚು ಇರುವದು. ಆ ಅಚ್ಚಿನಲ್ಲಿ ಹಲ್ಲುಚಕ್ರಗಳನ್ನೊಳಗೊಂಡ ಡಿಫರೆನ್ಶಿಯಲ್ಲಿನ ಗಡ್ಡೆಯು ಕೆಳಕ್ಕೆ ಜೋತಿರುವದು. ಸ್ಪ್ರಿಂಗನ್ನು 5 ಸೆಂಟಿಮೀಟರು ಎತ್ತರಿಸಿದರೆ ಗಾಡಿಯ ಮೈ, ಗೇರುಪೆಟ್ಟಿಗೆ, ಇಂಧನದ ಟಾಕಿ, ಮುಂದಿನ ಬಂಪರು ಇವಿಷ್ಟೂ 5 ಸೆಂಟಿಮೀಟರು ಮೇಲೇರುವವು. ಆದರೆ ಡಿಫರೆನ್ಶಿಯಲ್ಲಿನ ಗಡ್ಡೆಯು ಕೂದಲೆಳೆಯಷ್ಟೂ ಏರುವದಿಲ್ಲ. ಟ್ರ್ಯಾಕ್ಟರುಗಳು ಕೊರೆದ ಜಾಡಿನಲ್ಲಿ ಜೀಪು ಸಿಕ್ಕಿಕೊಳ್ಳುವದು ಹೆಚ್ಚಾಗಿ ಈ ಗಡ್ಡೆಯು ನಡುವಿನ ದಿಂಡಿಗೆ ತಗಲುವದರಿಂದ. ಅಲ್ಲಿ ಎತ್ತರದ ಸ್ಪ್ರಿಂಗು ಏನೂ ಮಾಡಲಾರದು.

ಟಾಯರಿನ ಲೆಕ್ಕವನ್ನು ಈಗ ಮಾಡಿ ನೋಡೋಣ. 205/70 ಆರ್ 15 ಅಳತೆಯ ಟಾಯರಿನ ಒಟ್ಟು ಎತ್ತರ ಸುಮಾರು 668 ಮಿಲಿಮೀಟರು. 215/75 ಆರ್ 15 ಅಳತೆಯದು ಸುಮಾರು 703 ಮಿಲಿಮೀಟರು. ವ್ಯತ್ಯಾಸ 35; ಅಚ್ಚು ಏರುವದು ಅದರ ಅರ್ಧ, ಅಂದರೆ ಸುಮಾರು 17 ಮಿಲಿಮೀಟರು. ಇಷ್ಟಕ್ಕಾಗಿ ಯಂತ್ರದ ಎಳೆಯುವ ಬಲವು ನೂರಕ್ಕೆ ಐದರಷ್ಟು ಕುಗ್ಗುವದು. ವೇಗದ ಮಾಪಕವು 60 ಎಂದು ತೋರಿಸುವಾಗ ಗಾಡಿಯು ನಿಜವಾಗಿ 63 ಕಿಲೋಮೀಟರು ವೇಗದಿಂದ ಓಡುತ್ತಿರುವದು. ಎಲ್ಲ ಲಾಭಕ್ಕೂ ಬೆಲೆಯುಂಟೆಂಬದು ಇದರಿಂದ ತಿಳಿಯುವದು.

ಹಾಗಾದರೆ ಸ್ಪ್ರಿಂಗನ್ನು ಎತ್ತರಿಸುವದರಿಂದ ಲಾಭವೇ ಇಲ್ಲವೆ? ಉಂಟು. ಮೊದಲನೆಯದು, ಹಳ್ಳದ ದಂಡೆಯನ್ನು ಏರುವಾಗ ಮೂತಿಯೂ, ಇಳಿಯುವಾಗ ಬಾಲವೂ ನೆಲಕ್ಕೆ ಬಡಿಯುವದು ಕಡಿಮೆಯಾಗುವದು. ಎರಡನೆಯದು, ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಹೆಚ್ಚು ಜಾಗವಾಗುವದರಿಂದ ಎರೆಮಣ್ಣು ಅಲ್ಲಿ ಮೆತ್ತಿ ಗಾಲಿಯನ್ನು ಹಿಡಿದುಬಿಡುವದು ತಪ್ಪುವದು. ಮೂರನೆಯದು, ಒಡ್ಡು ದಾಟುವಾಗ ಹೊಟ್ಟೆ ತಗಲುವದು ಕಡಿಮೆ. ಈ ಮೂರನೆಯದನ್ನು ಒಕ್ಕಲುತನದ ದೃಷ್ಟಿಯಿಂದ ಸ್ವಲ್ಪ ಹೆಚ್ಚು ನೋಡಬೇಕಾಗಿದೆ.

2. ಒಡ್ಡು ದಾಟುವ ಲೆಕ್ಕ

ನಮ್ಮ ಸೀಮೆಯ ಹೊಲಗಳಲ್ಲಿ ಮಣ್ಣನ್ನೂ ನೀರನ್ನೂ ತಡೆಯಲು ಒಡ್ಡುಗಳನ್ನು ಹಾಕಿದೆ. ಬರಗಾಲಗಳನ್ನು ಕಂಡ ಹಿರಿಯರು ಬೆವರು ಸುರಿಸಿ ಕಟ್ಟಿದ ಸಂಪತ್ತು ಇದು. ಗಾಡಿಯ ಹೊಟ್ಟೆ ತಗಲುವದೆಂದು ಕೆಲವರು ಒಡ್ಡನ್ನೇ ಕಡಿದು ದಾರಿ ಮಾಡಿಕೊಳ್ಳುತ್ತಾರೆ. ಒಂದು ಗಾಡಿಯಗಲ ಕಡಿದ ಜಾಗದಲ್ಲಿ ಮುಂದಿನ ದೊಡ್ಡ ಮಳೆಗೆ ಹೊಲದ ನೀರೆಲ್ಲ ನುಗ್ಗಿ, ಮೇಲ್ಮಣ್ಣು ಕೊಚ್ಚಿಹೋಗಿ, ಎರಡು ಮೂರು ವರ್ಷಗಳಲ್ಲಿ ಕೊರಕಲು ಬೀಳುವದು.

ಲೆಕ್ಕವು ಹೀಗಿದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರ 240 ಸೆಂಟಿಮೀಟರು, ಹೊಟ್ಟೆಯು ನೆಲದಿಂದ 21 ಸೆಂಟಿಮೀಟರು ಮೇಲಿರುವ ಒಂದು ಸಣ್ಣ ಜೀಪನ್ನು ತೆಗೆದುಕೊಳ್ಳಿರಿ. ಒಡ್ಡಿನ ನೆತ್ತಿಯು ಗಾಡಿಯ ನಡುವಿಗೆ ಬಂದಾಗ ಎರಡೂ ಅಚ್ಚುಗಳು 120 ಸೆಂಟಿಮೀಟರು ದೂರದಲ್ಲಿರುವವು. ಒಡ್ಡಿನ ಪಕ್ಕಗಳು ಅಷ್ಟು ದೂರದಲ್ಲಿ 21 ಸೆಂಟಿಮೀಟರಿಗಿಂತ ಕಡಿಮೆ ಇಳಿದಿದ್ದರೆ ಗಾಡಿ ದಾಟುವದು; ಅಂದರೆ ಒಂದಕ್ಕೆ ಆರರಷ್ಟು ಇಳಿಜಾರು ಬೇಕು. ಸ್ಪ್ರಿಂಗನ್ನು 5 ಸೆಂಟಿಮೀಟರು ಎತ್ತರಿಸಿದರೆ ಒಂದಕ್ಕೆ ಐದರಷ್ಟು ಇಳಿಜಾರು ಸಾಕು. ಅರ್ಧ ಮೀಟರು ಎತ್ತರದ ಒಡ್ಡಿಗೆ ಮೊದಲನೆಯ ಲೆಕ್ಕದಲ್ಲಿ ಪ್ರತಿ ಪಕ್ಕಕ್ಕೆ 3 ಮೀಟರು, ಎರಡನೆಯ ಲೆಕ್ಕದಲ್ಲಿ ಎರಡೂವರೆ ಮೀಟರು ಇಳಿಜಾರಾಯಿತು. ಇಷ್ಟು ಹಣ ವೆಚ್ಚಮಾಡಿ ಪಡೆದದ್ದು ಅರ್ಧ ಮೀಟರಿನ ಉಳಿತಾಯ! ಒಡ್ಡಿನ ನೆತ್ತಿಯನ್ನು ಮುಟ್ಟದೆ, ಎರಡೂ ಪಕ್ಕಕ್ಕೆ ಗರಸು ಹೊಡೆದು ಧಮ್ಮಸ್ಸು ಮಾಡಿ, ಗಾಡಿಯಗಲಕ್ಕೆ 3 ಮೀಟರಿನ ಇಳಿಜಾರನ್ನು ಮಾಡಿಸಿದರೆ ಮೂಲದ ಎತ್ತರದ ಗಾಡಿಯೇ ದಾಟುವದು, ಒಡ್ಡೂ ಉಳಿಯುವದು.

3. ಎತ್ತರದಿಂದಾಗುವ ಕೇಡು

ಕಣಿಕೆಯನ್ನು ಎತ್ತರವಾಗಿ ಹೇರಿದ ಬಂಡಿಯು ಓರೆದಾರಿಯಲ್ಲಿ ಹೇಗೆ ವಾಲುವದೆಂಬದು ನಿಮಗೆ ತಿಳಿದದ್ದೇ. ಗಾಡಿಯ ಭಾರದ ಕೇಂದ್ರವು ಮೇಲೇರಿದಷ್ಟೂ ಅದು ಮಗುಚುವದು ಸುಲಭ. ಉದಾಹರಣೆಗೆ, ಎಡಬಲ ಗಾಲಿಗಳ ನಡುವೆ 130 ಸೆಂಟಿಮೀಟರು ಅಗಲವಿದ್ದು ಭಾರದ ಕೇಂದ್ರವು 65 ಸೆಂಟಿಮೀಟರು ಎತ್ತರದಲ್ಲಿದ್ದರೆ, ನಿಂತ ಗಾಡಿಯು 45 ಅಂಶದ ಓರೆಯವರೆಗೆ ಮಗುಚಲಾರದು. ಕೇಂದ್ರವು 70 ಸೆಂಟಿಮೀಟರಿಗೆ ಏರಿದರೆ ಈ ಮಿತಿಯು 43ಕ್ಕೆ ಇಳಿಯುವದು. ಅದರ ಮೇಲೆ ಮಾಡಿನಲ್ಲಿ ಬೀಜದ ಚೀಲಗಳನ್ನೋ ಲಿಂಬೆಯ ಡಾಗುಗಳನ್ನೋ ಹೇರಿ ಕೇಂದ್ರವು 80ಕ್ಕೆ ಹೋದರೆ 39 ಅಂಶವಷ್ಟೇ ಉಳಿಯುವದು. ಇದು ನಿಂತ ಗಾಡಿಯ ಲೆಕ್ಕ. ಓಡುವ ಗಾಡಿಯಲ್ಲಿ ಸ್ಪ್ರಿಂಗು ಬಾಗುವದರಿಂದಲೂ ತಿರುವಿನ ಎಳೆತದಿಂದಲೂ ನಿಜವಾದ ಮಿತಿಯು ಇನ್ನೂ ಬಹಳ ಕಡಿಮೆ. ಹೊಲದ ದಾರಿಯಲ್ಲಿ ಹಿತವಾಗಿದ್ದ ಗಾಡಿಯು ರಾಷ್ಟ್ರೀಯ ಹೆದ್ದಾರಿ 50ರ ಮೇಲೆ, ನಾಯಿಯೊಂದು ಅಡ್ಡ ಬಂದು ಚಕ್ಕನೆ ತಿರುಗಿಸಿದಾಗ, ತನ್ನ ಅವಗುಣವನ್ನು ತೋರಿಸುವದು.

ಇನ್ನೊಂದು ಭ್ರಮೆಯನ್ನು ಬಿಡಿಸಬೇಕಾಗಿದೆ. ಎತ್ತರಿಸಿದ ಗಾಡಿಯು ತುಂಬಿ ಹರಿಯುವ ಹಳ್ಳವನ್ನು ದಾಟುವದೆಂದು ಹಲವರು ನಂಬಿದ್ದಾರೆ. ಗಾಡಿಯ ತಳದ ಉದ್ದ ಮೂರೂವರೆ ಮೀಟರು, ಅಗಲ 1.4 ಮೀಟರು ಎಂದಿಟ್ಟುಕೊಂಡರೆ, ನೀರು ತಳದಿಂದ 20 ಸೆಂಟಿಮೀಟರು ಮೇಲೇರಿದಾಗ ಗಾಡಿಯನ್ನು ಎತ್ತುವ ನೀರಿನ ಬಲವು ಸುಮಾರು 980 ಕಿಲೋಗ್ರಾಮು. ಸಣ್ಣ ಜೀಪಿನ ತೂಕವೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ನೀರು ಒಳಗೆ ತುಂಬುವ ಮೊದಲೇ ಗಾಡಿಯು ತೇಲಲು ಹತ್ತುವದು. ಗಾಲಿಗಳಿಗೆ ನೆಲದ ಹಿಡಿತವಿಲ್ಲದಾಗ ನಾಲ್ಕು ಗಾಲಿಗಳ ಬಲವಿದ್ದರೂ ಇಲ್ಲದಂತೆಯೇ. ಲಿಫ್ಟಿನಿಂದ ದೊರೆಯುವದು 5 ಸೆಂಟಿಮೀಟರು. ಹಳ್ಳದ ನೀರು ಅಷ್ಟು ಏರಲು ಕೆಲವು ನಿಮಿಷಗಳು ಸಾಕು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಗಾಡಿ ಎಂಥದೇ ಇರಲಿ, ಈಚೆಯ ದಂಡೆಯಲ್ಲಿಯೇ ನಿಲ್ಲತಕ್ಕದ್ದು. ಮಂದಿಯು ಗೌಡರ ಗಾಡಿಯ ಹಿಂದೆ ತಮ್ಮ ಗಾಡಿಗಳನ್ನು ಇಳಿಸುವರೆಂಬದನ್ನೂ ನೆನಪಿನಲ್ಲಿಡಬೇಕು.

4. ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ್ದಕ್ಕೆ ವಿರೋಧವಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. 2019ರ ಜನೇವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಟು ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿದೆ. ದಂಡಕ್ಕಿಂತಲೂ ದೊಡ್ಡ ನಷ್ಟವೆಂದರೆ ವಿಮೆಯದು. ಅಪಘಾತವಾಗಿ ಒಬ್ಬನ ಪ್ರಾಣ ಹೋದಾಗ, ಗಾಡಿಯನ್ನು ತಿಳಿಸದೆ ಮಾರ್ಪಡಿಸಿದ್ದರೆಂದು ವಿಮಾ ಕಂಪನಿಯವರು ತಕರಾರು ಮಾಡಿದರೆ, ಪರಿಹಾರದ ಭಾರವು ಹೊಲ ಮನೆಗಳ ಮೇಲೆ ಬರುವ ಸಂಭವವುಂಟು.

ಆದಕಾರಣ ಮೊದಲು ಪ್ರಾದೇಶಿಕ ಸಾರಿಗೆ ಅಧಿಕಾರಿಗಳನ್ನೂ ವಿಮಾ ಕಂಪನಿಯನ್ನೂ ಬರಹದಿಂದ ವಿಚಾರಿಸಿ, ಬರಹದಿಂದಲೇ ಉತ್ತರವನ್ನು ಪಡೆಯತಕ್ಕದ್ದು. ಅನುಮತಿಯಿಲ್ಲವೆಂದರೆ ಆ ಕೆಲಸವನ್ನು ಬಿಡತಕ್ಕದ್ದು. ಕುಗ್ಗಿದ ಸ್ಪ್ರಿಂಗನ್ನು ತೆಗೆದು ತಯಾರಕರ ಅಳತೆಯದೇ ಹೊಸದನ್ನು ಹಾಕುವದು ಮಾರ್ಪಾಟಲ್ಲ, ದುರಸ್ತಿ; ಅದಕ್ಕೆ ಅಡ್ಡಿಯಿಲ್ಲ.

5. ಮೊದಲು ಮಾಡಿ ನೋಡತಕ್ಕ ಉಪಾಯಗಳು

(ಅ) ಗಟ್ಟಿಯಾದ ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಪ್ರತಿಯೊಂದು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ನಾಲ್ಕೂ ಅಂಕಿಗಳನ್ನು ಬರೆದಿಡಿರಿ. ಹತ್ತಾರು ವರ್ಷ ಭಾರ ಹೊತ್ತ ಪಟ್ಟಿ ಸ್ಪ್ರಿಂಗುಗಳು ಎರಡು ಮೂರು ಸೆಂಟಿಮೀಟರು ಕುಗ್ಗಿರುವದುಂಟು. ಒಂದು ಪಕ್ಕ ಹೆಚ್ಚು ಕುಗ್ಗಿದ್ದರೆ ಗಾಡಿಯು ಆ ಕಡೆಗೆ ವಾಲಿರುವದು. ಮೂಲದ ಅಳತೆಯ ಹೊಸ ಸ್ಪ್ರಿಂಗುಗಳಿಂದಲೇ ಅನೇಕರ ಕೊರತೆ ನೀಗುವದು.

(ಆ) ಕೆಸರಿನ ಹಲ್ಲುಗಳುಳ್ಳ ಟಾಯರುಗಳನ್ನು ಮೂಲದ ಅಳತೆಯಲ್ಲಿಯೇ ಕೊಳ್ಳಿರಿ. ಕೆಸರಿಗೆ ಇಳಿಯುವ ಮೊದಲು ಗಾಳಿಯನ್ನು 26 ಪೌಂಡಿನಿಂದ 18ಕ್ಕೆ ಇಳಿಸಿದರೆ ಟಾಯರು ಅಗಲವಾಗಿ ನೆಲವನ್ನು ಹಿಡಿಯುವದು. ಡಾಂಬರು ರಸ್ತೆಗೆ ಬಂದ ಕೂಡಲೆ ಮರಳಿ ತುಂಬತಕ್ಕದ್ದು.

(ಇ) ಕೆಸರನ್ನು ಹೊಗುವ ಮೊದಲೇ ನಾಲ್ಕು ಗಾಲಿಗಳ ಬಲವನ್ನೂ ಇಳಿಗೇರನ್ನೂ ಹಾಕಿ, ಒಂದೇ ಸಮನಾಗಿ ನಡೆಸಿರಿ. ಸಿಕ್ಕಿಬಿದ್ದ ಮೇಲೆ ಯಂತ್ರವನ್ನು ಒದರಿಸುವದರಿಂದ ಗಾಲಿಯು ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುವದು. ಎರಡು ಗಟ್ಟಿ ಹಲಗೆ, ಒಂದು ಸಲಿಕೆ, ಒಂದು ಹಗ್ಗ ಯಾವಾಗಲೂ ಗಾಡಿಯಲ್ಲಿರಲಿ.

6. ಕೂಡಿಸುವ ಕ್ರಮ

ಅನುಮತಿಯಿಂದ ಎತ್ತರಿಸುವದಾಗಲಿ, ಮೂಲದ ಅಳತೆಯ ಹೊಸ ಸ್ಪ್ರಿಂಗು ಹಾಕುವದಾಗಲಿ, ಕೆಲಸದ ಕ್ರಮವು ಒಂದೇ. ಮಾಲೀಕರು ಇದನ್ನು ತಿಳಿದಿದ್ದರೆ ಗ್ಯಾರೇಜಿನಲ್ಲಿ ನಿಂತು ಸರಿ ತಪ್ಪುಗಳನ್ನು ನೋಡಬಹುದು. ಎತ್ತರವು 5 ಸೆಂಟಿಮೀಟರನ್ನು ಮೀರಬಾರದು. ಮೀರಿದರೆ ಪ್ರೊಪೆಲರ್ ಶಾಫ್ಟಿನ ಕೀಲುಗಳು ಹೆಚ್ಚು ಬಾಗಿ ನಡುಗುವವು, ಬೇಗ ಸವೆಯುವವು.

ಪಟ್ಟಿ ಸ್ಪ್ರಿಂಗುಗಳ ಗಾಡಿಯಲ್ಲಿ ಹೆಚ್ಚು ಬಾಗಿರುವ ಪೂರ್ಣ ಹೊಸ ಸ್ಪ್ರಿಂಗುಗಳನ್ನು ಹಾಕುವದು ಉತ್ತಮ ಕ್ರಮ. ಸ್ಪ್ರಿಂಗಿನ ತುದಿಯ ತೂಗುಕೊಂಡಿಯನ್ನು ಉದ್ದ ಮಾಡುವದು ಅಗ್ಗದ ಕ್ರಮ. 5 ಸೆಂಟಿಮೀಟರು ಉದ್ದ ಮಾಡಿದರೆ ಎರಡೂವರೆ ಸೆಂಟಿಮೀಟರು ಮಾತ್ರ ಏರುವದು, ಮೇಲಾಗಿ ಅಚ್ಚು ತಿರುಚಿಕೊಂಡು ಸ್ಟೀಅರಿಂಗು ತಾನಾಗಿ ಮರಳುವ ಗುಣವು ಕೆಡುವದು. ಅಚ್ಚಿನ ಕೆಳಗಿದ್ದ ಸ್ಪ್ರಿಂಗನ್ನು ಬೆಸುಗೆ ಹಾಕಿ ಮೇಲೆ ತರುವದು ಈ ಊರುಗಳ ಕೆಲಸಕ್ಕೆ ಬೇಡವೇ ಬೇಡ. ಸುರುಳಿ ಸ್ಪ್ರಿಂಗುಗಳ ಗಾಡಿಯಲ್ಲಿ ಉದ್ದದ ಸುರುಳಿಗಳನ್ನೇ ಹಾಕತಕ್ಕದ್ದು. ಜಿಮ್ನಿಯಂಥವುಗಳಲ್ಲಿ ಅಚ್ಚನ್ನು ಅಡ್ಡಲಾಗಿ ಹಿಡಿದಿರುವ ದಂಡವೊಂದಿದೆ. ಮೈ ಏರಿದಾಗ ಅದು ಅಚ್ಚನ್ನು ಒಂದು ಪಕ್ಕಕ್ಕೆ ಎಳೆಯುವದರಿಂದ ಆ ದಂಡದ ಉದ್ದವನ್ನೂ ಸರಿಪಡಿಸಬೇಕು.

ಒಂದನೆಯದಾಗಿ, ಕೆಲಸವು ಕಲ್ಲು ಹಾಸಿದ ಇಲ್ಲವೆ ಸಿಮೆಂಟಿನ ನೆಲದ ಮೇಲೆ ನಡೆಯಲಿ; ಎರೆನೆಲದಲ್ಲಿ ಜಾಕು ಹೂತುಹೋಗುವದು. ಒಂದು ಸಲಕ್ಕೆ ಒಂದೇ ಅಚ್ಚಿನ ಕೆಲಸ ಮಾಡಿ, ಇನ್ನೊಂದು ಅಚ್ಚಿನ ಗಾಲಿಗಳಿಗೆ ಹಿಂದೆ ಮುಂದೆ ಅಡೆಗಲ್ಲು ಕೊಡತಕ್ಕದ್ದು. ಚಾಸಿಯ ಕೆಳಗೆ ಕಬ್ಬಿಣದ ನಿಲುವುಗಳನ್ನು ಇಟ್ಟ ಹೊರತು, ಜಾಕಿನ ನಂಬಿಗೆಯ ಮೇಲೆ ಯಾರೂ ಗಾಡಿಯ ಕೆಳಗೆ ಹೋಗಕೂಡದು.

ಎರಡನೆಯದಾಗಿ, ಅಚ್ಚಿನ ಕೆಳಗೆ ಇನ್ನೊಂದು ಜಾಕನ್ನು ಕೊಟ್ಟು, ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಬ್ರೇಕಿನ ರಬ್ಬರು ನಳಿಗೆಯ ಹಿಡಿಕೆಯನ್ನು ಸಡಿಲಿಸಿದ ಮೇಲೆಯೇ ಅಚ್ಚನ್ನು ಇಳಿಸಬೇಕು. ನಳಿಗೆಯ ಮೇಲೆ ಅಚ್ಚಿನ ಭಾರ ಜೋತುಬಿದ್ದರೆ ಒಳಗಿನಿಂದ ಹರಿಯುವದು, ಹೊರಗೆ ಕಾಣುವದಿಲ್ಲ.

ಮೂರನೆಯದಾಗಿ, ಹಳೆಯ ಯು-ಬೋಲ್ಟುಗಳನ್ನು ಮತ್ತೆ ಉಪಯೋಗಿಸಬಾರದು. ಅವು ಒಮ್ಮೆ ಹಿಗ್ಗಿದವುಗಳು. ಸ್ಪ್ರಿಂಗಿನ ನಡುಬೋಲ್ಟಿನ ತಲೆಯು ಅಚ್ಚಿನ ತೂತಿನಲ್ಲಿ ಸರಿಯಾಗಿ ಕುಳಿತಿದೆಯೋ ಎಂದು ನೋಡಿ, ಅಡ್ಡಮೂಲೆಗಳ ಕ್ರಮದಿಂದ ನಟ್ಟುಗಳನ್ನು ಬಿಗಿಸತಕ್ಕದ್ದು.

ನಾಲ್ಕನೆಯದಾಗಿ, ಸ್ಪ್ರಿಂಗಿನ ತುದಿಗಳ ಬೋಲ್ಟುಗಳನ್ನು ಗಾಡಿಯು ಜಾಕಿನ ಮೇಲಿರುವಾಗ ಪೂರ್ಣ ಬಿಗಿಸಬಾರದು. ಗಾಲಿಗಳ ಮೇಲೆ ಭಾರ ಬಂದ ಮೇಲೆಯೇ ಬಿಗಿಸಿದರೆ ಅಲ್ಲಿಯ ರಬ್ಬರು ಬಾಳುವದು; ಇಲ್ಲವಾದರೆ ತಿರುಚಿ ಕೆಲವೇ ತಿಂಗಳಲ್ಲಿ ಹರಿಯುವದು. ಇದು ಬಹಳ ಕಡೆ ತಪ್ಪುವ ಕೆಲಸ.

ಐದನೆಯದಾಗಿ, ಎತ್ತರಿಸಿದ ಗಾಡಿಗೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರುಗಳೂ ಬ್ರೇಕಿನ ನಳಿಗೆಗಳೂ ಬೇಕು. ಅಚ್ಚು ಪೂರ್ತಿ ಜೋತಿರುವಾಗ ಸ್ಟೀಅರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ನಳಿಗೆಯು ಎಲ್ಲಿಯೂ ಬಿಗಿಯದೆ, ಟಾಯರಿಗೆ ತಗಲದೆ ಇದೆಯೆಂದು ಕಣ್ಣಾರೆ ನೋಡತಕ್ಕದ್ದು. ಕೆಲವು ಗಾಡಿಗಳಲ್ಲಿ ಹಿಂದಿನ ಭಾರಕ್ಕನುಸಾರ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ತೊಟ್ಟಿಲಕೀಲಿನಂಥ ಸಾಧನವಿರುವದು. ಮೈ ಏರಿದರೆ ಗಾಡಿ ಖಾಲಿಯಿದೆಯೆಂದು ಅದು ಭ್ರಮಿಸಿ ಹಿಂದಿನ ಬ್ರೇಕನ್ನು ದುರ್ಬಲ ಮಾಡುವದರಿಂದ ಅದನ್ನೂ ಸರಿಹೊಂದಿಸಬೇಕು.

7. ಕೂಡಿಸಿದ ಮೇಲೆ

ಮೊದಲು ಬರೆದಿಟ್ಟ ನಾಲ್ಕು ಅಳತೆಗಳನ್ನು ಮತ್ತೆ ತೆಗೆದು ಹೋಲಿಸಿರಿ. ಎಡ ಬಲಗಳಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಬಾರದು. ಮುಂದಿನ ಗಾಲಿಗಳ ಜೋಡಣೆಯನ್ನು ಯಂತ್ರದಿಂದ ಪರೀಕ್ಷೆ ಮಾಡಿಸಿ, ಮುಂದೀಪಗಳ ಬೆಳಕನ್ನು ಕೆಳಗಿಳಿಸಿರಿ. ಇಲ್ಲವಾದರೆ ಎದುರಿಗೆ ಬರುವ ಬಡಪಾಯಿ ಸೈಕಲ್ಲಿನವನ ಕಣ್ಣು ಕುಕ್ಕುವದು. ಮೊದಲು ಖಾಲಿ ಮೈದಾನದಲ್ಲಿ 20 ಕಿಲೋಮೀಟರು ವೇಗದಿಂದ ಬ್ರೇಕನ್ನೂ ತಿರುವನ್ನೂ ನೋಡಿ, ಆಮೇಲೆ ರಸ್ತೆಗೆ ತರತಕ್ಕದ್ದು. 100 ಕಿಲೋಮೀಟರು ಓಡಿದ ಮೇಲೊಮ್ಮೆ, 500 ಓಡಿದ ಮೇಲೆ ಇನ್ನೊಮ್ಮೆ ಯು-ಬೋಲ್ಟುಗಳನ್ನು ಬಿಗಿಸಬೇಕು. ಎರೆಕೆಸರಿನಲ್ಲಿ ಓಡಿಸಿದ ದಿನ ಸ್ಪ್ರಿಂಗು, ಕೀಲು, ಬ್ರೇಕುಗಳಿಗೆ ಅಂಟಿದ ಮಣ್ಣನ್ನು ಒಣಗುವ ಮೊದಲೇ ನೀರಿನಿಂದ ತೊಳೆಯಿರಿ. ಡೋಣಿಯ ಉಪ್ಪುನೀರಿನಲ್ಲಿ ಇಳಿದ ಗಾಡಿಯನ್ನಂತೂ ಸಿಹಿನೀರಿನಿಂದ ತೊಳೆಯದೆ ಬಿಡಬಾರದು. ಗಾಡಿಯನ್ನು ಬೇರೆಯವರಿಗೆ ಕೊಡುವಾಗ ಅದು ಎತ್ತರಿಸಿದ್ದೆಂದು ತಿಳಿಸಿ ಕೊಡಿರಿ.

8. ಕೊನೆಯ ಮಾತು

ಗಾಡಿಯನ್ನು ಎತ್ತರಿಸುವದರಿಂದ ಒಬ್ಬರು ದಾಟಬಹುದು. ದಾರಿಯನ್ನು ಎತ್ತರಿಸಿದರೆ ಊರೇ ದಾಟುವದು. ಹೊಲದ ದಾರಿಗೆ ನಡುವೆ ಉಬ್ಬು ಕೊಟ್ಟು, ಎರಡೂ ಪಕ್ಕಕ್ಕೆ ನೀರು ಹೋಗುವ ಕಾಲುವೆ ತೋಡಿ, ಎರೆಯ ಮೇಲೆ ಒಂದು ಗೇಣು ಗರಸು ಹಾಸಿ ಧಮ್ಮಸ್ಸು ಮಾಡಿಸಿದರೆ, ಬಹುಮಟ್ಟಿಗೆ ಲಿಫ್ಟಿನ ಪ್ರಶ್ನೆಯೇ ಏಳುವದಿಲ್ಲ. ನೀರು ನಿಲ್ಲುವ ದಾರಿಯು ಎಷ್ಟು ಗರಸನ್ನಾದರೂ ನುಂಗುವದು. ನೀರು ಹರಿದುಹೋಗುವ ದಾರಿಯು ಸ್ವಲ್ಪದರಲ್ಲಿಯೇ ತೃಪ್ತಿಪಡುವದು. ಮಳೆಗಾಲಕ್ಕೆ ಮೊದಲೇ, ಊರಿನ ಹಿರಿಯರೆಲ್ಲ ಕೂಡಿ, ಯಾವ ತೋಟದ ಮನೆಯಿಂದ ಡಾಂಬರು ರಸ್ತೆಗೆ ದಾರಿ ಕೆಟ್ಟಿದೆ, ಎಲ್ಲಿ ಒಡ್ಡಿಗೆ ಇಳಿಜಾರು ಬೇಕು, ಯಾವ ಹಳ್ಳಕ್ಕೆ ಸುತ್ತುದಾರಿ ಯಾವದು ಎಂಬದನ್ನು ಬರೆದಿಟ್ಟುಕೊಳ್ಳುವದು ಒಳ್ಳೆಯದು. ರಾತ್ರಿಯ ಆಪತ್ತಿನಲ್ಲಿ ಆ ಬರಹವು ಗಾಡಿಯಷ್ಟೇ ಉಪಯೋಗಕ್ಕೆ ಬರುವದು.

ಬಿತ್ತುವವನು ಹದ ಬರುವವರೆಗೆ ಕೂರಿಗೆಯನ್ನು ಹೊಲಕ್ಕೆ ಇಳಿಸುವದಿಲ್ಲ. ಗಾಡಿಯವನೂ ಆ ತಾಳ್ಮೆಯನ್ನು ಕಲಿತರೆ ಎರೆಭೂಮಿಯಲ್ಲಿ ಹೂತುಹೋಗುವ ಗಾಡಿಗಳ ಸಂಖ್ಯೆಯು ಅರ್ಧಕ್ಕಿಳಿಯುವದರಲ್ಲಿ ಸಂಶಯವಿಲ್ಲ.